ನಮ್ಮ ಮನೆ ಕಂಪ್ಯೂಟರಿನ ಎರಡು ಕನ್ನಡ

ನನ್ನ ಲ್ಯಾಪ್‌ಟಾಪ್‌ನಲ್ಲಿ ಎರಡು ಆಪರೇಟಿಂಗ್ ಸಿಸ್ಟಂಗಳಿವೆ. ಆನ್ ಮಾಡಿದ ಕೂಡಲೇ ಪರದೆಯ ಮೇಲೆ ಒಂದು ಪಟ್ಟಿ ಬರುತ್ತದೆ: ಉಬುಂಟು ಬೇಕೋ, ವಿಂಡೋಸ್ ಬೇಕೋ. ಹತ್ತು ಸೆಕೆಂಡು ಕಾಯುತ್ತದೆ. ಏನೂ ಒತ್ತದಿದ್ದರೆ ಉಬುಂಟು ತೆರೆದುಕೊಳ್ಳುತ್ತದೆ. ನನ್ನ ಸಂಶೋಧನೆಯ ಬರವಣಿಗೆಯೆಲ್ಲ ನಡೆಯುವುದು ಅಲ್ಲಿ. ಬರೆದದ್ದನ್ನು ಯಾರಿಗಾದರೂ ಒಪ್ಪಿಸಬೇಕೆಂದರೆ ಮಾತ್ರ ಮುಚ್ಚಿ, ಮತ್ತೆ ಆನ್ ಮಾಡಿ, ಬಾಣದ ಗುಂಡಿ ಒತ್ತಿಕೊಂಡು ವಿಂಡೋಸ್‌ಗೆ ಹೋಗಬೇಕು. ಬ್ಯಾಟರಿ ಕೈಕೊಟ್ಟು ವರ್ಷವಾಯಿತು. ಹಾಗಾಗಿ ಕಬ್ಬಾಳಿನ ನಮ್ಮ ಮನೆಯಲ್ಲಿ ಕರೆಂಟು ಇರುವ ಹೊತ್ತು ನೋಡಿಕೊಂಡು ದಿನಕ್ಕೆ ಮೂರು ನಾಲ್ಕು ಸಲ ಈ ಹೋಗಿಬರುವ ಕೆಲಸ.

"ಅದ್ಯಾಕವ್ವ ಹಂಗೆ ಆಫ್ ಮಾಡೋದು, ಆನ್ ಮಾಡೋದು? ಕೆಟ್ಟೋಯ್ತದೆ" ಅಂದಳು ಒಂದು ದಿನ ಅವ್ವ. ಇದರೊಳಗೆ ಎರಡು ಅವೆ ಕಣವ್ವ, ಒಂದರಲ್ಲಿ ಬರೆದದ್ದು ಇನ್ನೊಂದಕ್ಕೆ ಅರ್ಥ ಆಗಲ್ಲ ಅಂದೆ.

"ಎಲ್ಡೂ ಕನ್ನಡ ತಾನೆ?" ಅಂದಳು.

ಅವಳ ಪ್ರಶ್ನೆಗೆ ಅವತ್ತು ಉತ್ತರ ಕೊಡಲಾಗಲಿಲ್ಲ. ಎರಡೂ ಕನ್ನಡವೇ. ಪರದೆಯ ಮೇಲೆ ನೋಡಿದರೆ ಒಂದೇ ಥರ ಕಾಣುತ್ತವೆ. ಅಚ್ಚು ಹಾಕಿದರೂ ಒಂದೇ. ಆದರೂ ಒಂದು ಕನ್ನಡ, ಇನ್ನೊಂದು ಕನ್ನಡದ ವೇಷ ಹಾಕಿಕೊಂಡ ಲ್ಯಾಟಿನ್ ಅಕ್ಷರಗಳ ರಾಶಿ. ನಮ್ಮ ವಿಶ್ವವಿದ್ಯಾಲಯಗಳೂ ಪ್ರಕಾಶಕರೂ ಇವತ್ತಿಗೂ ಕೇಳುವುದು ಆ ಎರಡನೆಯದನ್ನೇ. ಅದನ್ನು ಮರುಮಾತಾಡದೆ ಕೊಡುತ್ತಿರುವವರು ನಾವು. ನನ್ನ ಜಗಳ ಇಬ್ಬರ ಮೇಲೂ.

ಒಂದೇ ಹಾರ್ಡ್ ಡಿಸ್ಕಿಗೆ ಹೊಲದ ಬದು ಹಾಕಿದ ಹಾಗೆ ಗಡಿ ಹಾಕಿ, ಒಂದು ಪಾಲು ಇದಕ್ಕೆ, ಒಂದು ಪಾಲು ಅದಕ್ಕೆ ಅಂತ ಕೊಡುವುದನ್ನು ಡ್ಯುಯಲ್ ಬೂಟ್ ಅನ್ನುತ್ತಾರೆ. ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿರುವ ಗೆಳೆಯರು ಇದನ್ನು ಬಹಳ ಹೆಮ್ಮೆಯಿಂದ ಹೇಳಿಕೊಳ್ಳುತ್ತಾರೆ. ಕೆಲಸಕ್ಕೆ ಲಿನಕ್ಸ್, ಆಟಕ್ಕೆ ವಿಂಡೋಸ್, ಮನಸ್ಸು ಬಂದಂತೆ ಬದಲಾಯಿಸಬಹುದು, ಇದೇ ಸ್ವಾತಂತ್ರ್ಯ. ಅವರ ಪಾಲಿಗೆ ನಿಜವಿರಬಹುದು. ನನ್ನ ಪಾಲಿಗೆ ಇದು ಕನ್ನಡದಲ್ಲಿ ಪಿಎಚ್.ಡಿ. ಮಾಡುತ್ತಿರುವುದಕ್ಕೆ ಕಟ್ಟುತ್ತಿರುವ ದಂಡ. ಇಂಗ್ಲಿಷ್ ವಿಭಾಗದಲ್ಲಿರುವ ನನ್ನ ಹಾಸ್ಟೆಲ್ ಗೆಳತಿ ಉಬುಂಟುವಿನಲ್ಲಿ ಬರೆದದ್ದನ್ನು ಹಾಗೆಯೇ ಒಪ್ಪಿಸುತ್ತಾಳೆ. ಆ ಅಕ್ಷರಗಳು ಯಾವ ಯಂತ್ರದಲ್ಲಿ ಹುಟ್ಟಿದವು ಅಂತ ಅವಳನ್ನು ಯಾರೂ ಕೇಳುವುದಿಲ್ಲ.

ಎರಡು ವ್ಯವಸ್ಥೆ ಇಟ್ಟುಕೊಂಡವರಿಗೆಲ್ಲ ಗೊತ್ತಿರುವ ಒಂದು ತಮಾಷೆ ಇದೆ. ಕಂಪ್ಯೂಟರಿನ ಮದರ್‌ಬೋರ್ಡಿನಲ್ಲಿ ಒಂದು ಪುಟ್ಟ ಗಡಿಯಾರ ಇರುತ್ತದೆ. ಉಬುಂಟು ಅದರಲ್ಲಿ ಇಡುವುದು ಗ್ರೀನಿಚ್ ಕಾಲ. ತೋರಿಸುವಾಗ ಐದೂವರೆ ಗಂಟೆ ಸೇರಿಸಿ ತೋರಿಸುತ್ತದೆ. ವಿಂಡೋಸ್ ಅದೇ ಗಡಿಯಾರವನ್ನು ಓದಿ, ಇದೇ ನಮ್ಮೂರ ಕಾಲ ಅಂದುಕೊಳ್ಳುತ್ತದೆ. ಉಬುಂಟುವಿನಿಂದ ರಾತ್ರಿ ಹನ್ನೊಂದಕ್ಕೆ ವಿಂಡೋಸ್‌ಗೆ ಹೋದರೆ ಅಲ್ಲಿ ಸಂಜೆ ಐದೂವರೆ! ಯಾವುದೂ ಸುಳ್ಳು ಹೇಳುತ್ತಿಲ್ಲ. ಒಂದೇ ಸಂಖ್ಯೆಯನ್ನು ಇಬ್ಬರು ಎರಡು ಒಪ್ಪಂದದ ಪ್ರಕಾರ ಓದುತ್ತಿದ್ದಾರೆ, ಅಷ್ಟೆ. ಇದನ್ನು ಸರಿಮಾಡಲು ಉಬುಂಟುವಿನಲ್ಲಿ ಒಂದು ಸಾಲಿನ ಆದೇಶ ಸಾಕು. ಕನ್ನಡದ ವಿಷಯದಲ್ಲೂ ಆಗಿರುವುದು ಇದೇ. ಆದರೆ ಅಲ್ಲಿ ಒಂದು ಸಾಲಿನ ಆದೇಶ ಇಪ್ಪತ್ತು ವರ್ಷದಿಂದ ಜಾರಿಗೆ ಬರುತ್ತಿಲ್ಲ.

ಕಂಪ್ಯೂಟರ್ ಅಕ್ಷರವನ್ನು ಸಂಖ್ಯೆಯಾಗಿ ಇಟ್ಟುಕೊಳ್ಳುತ್ತದೆ. ಹಳೆಯ ಪದ್ಧತಿಯಲ್ಲಿ ಒಂದು ಫಾಂಟಿಗೆ ಇದ್ದದ್ದು 256 ಮನೆ. ಅವೆಲ್ಲ ಇಂಗ್ಲಿಷ್ ಮತ್ತು ಯುರೋಪಿನ ಅಕ್ಷರಗಳ ಮನೆಗಳು. ಕನ್ನಡದವರು ಮಾಡಿದ್ದೇನೆಂದರೆ, ಮನೆ ನಂಬರು ಹಾಗೇ ಬಿಟ್ಟು ಒಳಗಿನ ಚಿತ್ರ ಮಾತ್ರ ಬದಲಾಯಿಸಿದರು. ನುಡಿಯ ಹಳೆಯ ಫಾಂಟಿನಲ್ಲಿ 'ಕನ್ನಡ' ಅಂತ ಹೊಡೆದರೆ ಯಂತ್ರದೊಳಗೆ ಕೂರುವುದು ದೊಡ್ಡ ಪಿ, ತಲೆ ಮೇಲೆ ಗೀಟಿರುವ ಎ, ಬ್ರಿಟನ್ನಿನ ಪೌಂಡ್ ಗುರುತು, ಮತ್ತೆ ಗೀಟಿನ ಎ, ಜರ್ಮನ್ನರ ಜೋಡಿ ಎಸ್, ಸಣ್ಣ ಕ್ಯೂ, ಮತ್ತೊಂದು ಗೀಟಿನ ಎ. ಪಂಪನ ಹೆಸರು ಹೊಡೆದರೆ ಅದರಲ್ಲಿ ಎರಡು ಜಪಾನಿ ಯೆನ್. ಆ ಫಾಂಟ್ ಇರುವ ಯಂತ್ರದಲ್ಲಿ ನೋಡಿದರೆ ಮಾತ್ರ ಅದು ಪಂಪ, ಇಲ್ಲದಿದ್ದರೆ ಚಿಲ್ಲರೆ ಅಂಗಡಿಯ ಗಲ್ಲಾಪೆಟ್ಟಿಗೆ.

ಯೂನಿಕೋಡ್ ಈ ವೇಷವನ್ನು ಬಿಡಿಸಿತು. 1991ರಲ್ಲಿ ಬಂದ ಅದರ ಮೊದಲ ಆವೃತ್ತಿಯಲ್ಲೇ ಕನ್ನಡಕ್ಕೆ 128 ಸ್ವಂತ ಮನೆಗಳು ಸಿಕ್ಕವು. (ಲಿನಕ್ಸ್ ಶುರುವಾದದ್ದೂ ಅದೇ ವರ್ಷ.) 2001ರ ವಿಂಡೋಸ್ ಎಕ್ಸ್‌ಪಿಯಲ್ಲಿ ತುಂಗಾ ಎಂಬ ಯೂನಿಕೋಡ್ ಫಾಂಟು ಬಂತು. ಲಿನಕ್ಸಿಗೆ ಲೋಹಿತ್, ಗುಬ್ಬಿ, ನವಿಲು ಬಂದವು. ಕನ್ನಡ ವಿಕಿಪೀಡಿಯ, ನೀವು ಮೊಬೈಲಿನಲ್ಲಿ ಕಳಿಸುವ ಮೆಸೇಜು, ಈಗ ಓದುತ್ತಿರುವ ಈ ಪುಟ ಎಲ್ಲವೂ ಯೂನಿಕೋಡ್. ನಮ್ಮವ್ವ ವಾಟ್ಸಾಪಿನಲ್ಲಿ ಕಳಿಸುವ 'ಊಟ ಆಯ್ತಾ' ಕೂಡ. ಕನ್ನಡದಲ್ಲಿ ವೇಷದ ಅಕ್ಷರ ಕೇಳುವ ಜಾಗ ಇನ್ನು ಉಳಿದಿದ್ದರೆ ಅದು ಕನ್ನಡದ ವಿದ್ವತ್ತು ಇರುವ ಜಾಗ. ಇದಕ್ಕಿಂತ ನಾಚಿಕೆಯ ಮಾತು ಬೇರೆ ಬೇಕೆ?

ನಾನು ನುಡಿಯನ್ನು ಬೈಯುತ್ತಿಲ್ಲ. ಕನ್ನಡ ಗಣಕ ಪರಿಷತ್ತು ಅದನ್ನು ರೂಪಿಸಿದಾಗ, ಅದು ಉಚಿತವಾಗಿ ಸಿಕ್ಕಿದಾಗ, ಸರ್ಕಾರಿ ಕಚೇರಿಗಳ ಕಂಪ್ಯೂಟರುಗಳಿಗೆ ಕನ್ನಡ ಬಂತು. ಅದಕ್ಕೂ ಮೊದಲು ಶೇಷಾದ್ರಿವಾಸು ಚಂದ್ರಶೇಖರನ್ ಅವರ ಬರಹ ಇತ್ತು. ಎಲ್ಲಕ್ಕೂ ಮೊದಲು ಕೆ.ಪಿ. ರಾವ್ ಅವರ ಕೀಲಿಮಣೆ ವಿನ್ಯಾಸ. ಕೆ ಒತ್ತಿದರೆ ಕ, ಎಫ್ ಒತ್ತಿದರೆ ಒತ್ತಕ್ಷರಕ್ಕೆ ದಾರಿ. ಅದೇ ವಿನ್ಯಾಸ ಇವತ್ತು ಲಿನಕ್ಸಿನಲ್ಲಿ ಕಗಪ ಎಂಬ ಹೆಸರಿನಲ್ಲಿ ಬಂದೇ ಬರುತ್ತದೆ. ನನ್ನ ಬೆರಳುಗಳಿಗೆ ಎರಡು ವ್ಯವಸ್ಥೆಗಳ ನಡುವೆ ವ್ಯತ್ಯಾಸವೇ ತಿಳಿಯುವುದಿಲ್ಲ. ನುಡಿಯ ಹೊಸ ಆವೃತ್ತಿಗಳೂ ಯೂನಿಕೋಡ್ ಮೂಡಿಸುತ್ತವೆ. ಅಂದರೆ ತಂತ್ರಾಂಶ ಮಾಡಿದವರು ಮುಂದೆ ಹೋಗಿಯಾಯಿತು. ನಿಂತುಹೋಗಿರುವುದು ಬಳಸುವವರು, ಅದಕ್ಕಿಂತ ಹೆಚ್ಚಾಗಿ ಬಳಸಿ ಎಂದು ಆದೇಶ ಮಾಡುವವರು.

ಆದೇಶ ಹೇಗಿರುತ್ತದೆಂದರೆ: ಪ್ರಬಂಧವು ನುಡಿ 01 ಇ ಫಾಂಟಿನಲ್ಲಿ, 14ರ ಗಾತ್ರದಲ್ಲಿ ಇರತಕ್ಕದ್ದು. ಯಾವ ವಿಶ್ವವಿದ್ಯಾಲಯ ಅಂತ ಹೇಳುವುದಿಲ್ಲ. ಇನ್ನೂ ಅಲ್ಲೇ ಪದವಿ ಪಡೆಯಬೇಕು. ಈ ಒಂದು ಸಾಲಿಗಾಗಿ ನನ್ನ ಡಿಸ್ಕಿನ ಅರ್ಧ ಭಾಗ ವಿಂಡೋಸ್ 10ಕ್ಕೆ ಹೋಗಿದೆ. ಅದಕ್ಕೆ ಮೈಕ್ರೋಸಾಫ್ಟಿನ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ನನ್ನ ಹಳೆಯ ಯಂತ್ರ ವಿಂಡೋಸ್ 11 ಒಪ್ಪುವುದಿಲ್ಲ. ಒಂದರೊಳಗೊಂದು ಓಡಿಸು, ವರ್ಚುವಲ್ ಮಷೀನ್ ಹಾಕಿಕೋ ಅಂತ ಹೇಳಿದವರಿದ್ದಾರೆ. ನಾಲ್ಕು ಜಿಬಿ ರ‍್ಯಾಮಿನ ಬಡಪಾಯಿ ಅದನ್ನು ಹೊತ್ತು ಎರಡು ಹೆಜ್ಜೆಯೂ ಇಡಲಿಲ್ಲ.

ಇಷ್ಟೇ ಆಗಿದ್ದರೆ ಸಹಿಸಿಕೊಳ್ಳಬಹುದಿತ್ತು. ಯಂತ್ರ ಎರಡಾದರೆ ತಲೆಬಿಸಿ ಇಲ್ಲ, ಪ್ರಬಂಧ ಎರಡಾಗುವುದೇ ತಲೆಬಿಸಿ. ನನ್ನ ವಿಷಯ ಸಾತನೂರು ಹೋಬಳಿಯ ಹೆಣ್ಣುದೇವತೆಗಳು ಮತ್ತು ಅವರ ಸುತ್ತ ಹೆಂಗಸರು ಹಾಡುವ ಹಾಡುಗಳು. ಕಬ್ಬಾಳಮ್ಮನಿಂದ ಶುರುವಾಗಿ ಊರೂರಿನ ಮಾರಮ್ಮಂದಿರವರೆಗೆ. ನಾಲ್ಕು ವರ್ಷದ ಓಡಾಟದಲ್ಲಿ ಬರೆದುಕೊಂಡದ್ದೆಲ್ಲ ಉಬುಂಟುವಿನಲ್ಲಿ, ಯೂನಿಕೋಡಿನಲ್ಲಿ ಇದೆ. ಅಧ್ಯಾಯ ಒಪ್ಪಿಸುವಾಗ ಅದನ್ನು ನುಡಿಗೆ ಪರಿವರ್ತಿಸಬೇಕು. ಮಾರ್ಗದರ್ಶಕರು ತಿದ್ದುವುದು ನುಡಿ ಪ್ರತಿಯಲ್ಲಿ. ಅದನ್ನು ಮತ್ತೆ ಯೂನಿಕೋಡಿಗೆ ತರಬೇಕು. ಒಂದರಲ್ಲಿ ತಿದ್ದಿದ್ದು ಇನ್ನೊಂದರಲ್ಲಿ ಮರೆತುಹೋಗುತ್ತದೆ. 2025ರಲ್ಲಿ ನಮ್ಮ ಜಿಲ್ಲೆಯ ಹೆಸರೇ ಬದಲಾಯಿತಲ್ಲ, ಈಗ ನನ್ನ ಒಂದು ಪ್ರತಿ ರಾಮನಗರ ಜಿಲ್ಲೆಯಲ್ಲಿದೆ, ಇನ್ನೊಂದು ಬೆಂಗಳೂರು ದಕ್ಷಿಣ ಜಿಲ್ಲೆಯಲ್ಲಿದೆ!

ಪರಿವರ್ತಕಗಳಿವೆ, ಒಳ್ಳೆಯವೂ ಇವೆ. ಅರವಿಂದ ವಿ.ಕೆ. ಅವರಂಥವರು ಬಿಟ್ಟಿಯಾಗಿ ಮಾಡಿಕೊಟ್ಟದ್ದಕ್ಕೆ ನನ್ನಂಥ ಎಷ್ಟೋ ಜನ ಋಣಿಗಳು. ಆದರೆ ವೇಷ ಬಿಚ್ಚುವಾಗ ಚರ್ಮ ಕೀಳುವುದು ಇದ್ದದ್ದೇ. ನಮ್ಮ ತಾಲ್ಲೂಕಿನ ನದಿಯ ಹೆಸರನ್ನೇ ತಗೊಳ್ಳಿ, ಅರ್ಕಾವತಿ. ನಾವು ಕೈಯಲ್ಲಿ ಬರೆಯುವಾಗ ಮೊದಲು 'ಕಾ' ಬರೆದು ಆಮೇಲೆ ಅರ್ಕಾವತ್ತು ಹಾಕುತ್ತೇವೆ. ಹಳೆಯ ನುಡಿಯೂ ಹಾಗೇ ಇಡುತ್ತದೆ, ಕಣ್ಣಿಗೆ ಕಂಡ ಕ್ರಮದಲ್ಲಿ. ಯೂನಿಕೋಡ್ ಬಾಯಲ್ಲಿ ಹೇಳುವ ಕ್ರಮದಲ್ಲಿ ಇಡುತ್ತದೆ: ಮೊದಲು ರಕಾರ, ಆಮೇಲೆ ಕಕಾರ. ಪರಿವರ್ತಕ ಅರ್ಕಾವತ್ತನ್ನು ಹಿಂದಕ್ಕೆ ಎತ್ತಿ ಸರಿಯಾದ ಜಾಗಕ್ಕೆ ಇಡಬೇಕು. ಎಡವಿದರೆ ನದಿ 'ಅಕಾರ್ವತಿ' ಆಗುತ್ತದೆ. 'ಕನಾರ್ಟಕ' ಎಂಬ ರಾಜ್ಯವನ್ನು ನೀವೂ ಎಲ್ಲಾದರೂ ನೋಡಿರುತ್ತೀರಿ. ಅದು ಹುಟ್ಟುವುದು ಹೀಗೆ. ಬರೀ ಗದ್ಯವಾದರೆ ಓದುಗರು ಊಹಿಸಿಕೊಂಡಾರು. ಹಾಡಿನಲ್ಲಿ, ಅದೂ ಎಂಬತ್ತು ವರ್ಷದ ಅಜ್ಜಿಯ ಬಾಯಲ್ಲಿ ಬಂದ, ಯಾವ ನಿಘಂಟಿನಲ್ಲೂ ಇಲ್ಲದ ಪದ ತಪ್ಪಾದರೆ ಅದು ತಪ್ಪು ಅಂತ ಯಾರಿಗೆ ಗೊತ್ತಾಗಬೇಕು? ನನಗೆ ಹೇಳಿಕೊಟ್ಟವರಲ್ಲಿ ಇಬ್ಬರು ಈಗ ಇಲ್ಲ. ಮತ್ತೆ ಹೋಗಿ ಕೇಳುವ ಹಾಗಿಲ್ಲ.

ಪ್ರಬಂಧದ ಕೊನೆಗೆ ಪದಸೂಚಿ ಕೊಡುವುದು ನಮ್ಮ ಶಿಸ್ತಿನ ಪದ್ಧತಿ. ಯೂನಿಕೋಡಿನಲ್ಲಿ ಪದಗಳನ್ನು ಅಕಾರಾದಿಯಾಗಿ ಜೋಡಿಸಲು ಒಂದು ಗುಂಡಿ ಸಾಕು. ಸಣ್ಣಪುಟ್ಟದ್ದು ಕೈಯಲ್ಲಿ ತಿದ್ದಿದರಾಯಿತು. ಹಳೆಯ ನುಡಿಯಲ್ಲಿ ಜೋಡಿಸಿ ಅಂದರೆ ಯಂತ್ರ ಜೋಡಿಸುವುದು ಒಳಗಿನ ಲ್ಯಾಟಿನ್ ಅಕ್ಷರಗಳನ್ನು. ಅಲ್ಲಿ 'ಯ' ಶುರುವಾಗುವುದು ಎ ಎಂಬ ಇಂಗ್ಲಿಷ್ ಅಕ್ಷರದಿಂದ, 'ಅ' ಕೂತಿರುವುದು ಸಿ ಎಂಬ ಅಕ್ಷರದ ಮನೆಯಲ್ಲಿ. ಹಾಗಾಗಿ ನನ್ನ ದೇವತೆಗಳ ಪಟ್ಟಿಯಲ್ಲಿ ಅಮ್ಮನಿಗಿಂತ ಮೊದಲು ಯಮ ಬಂದ.

ಇದಕ್ಕಿಂತ ದೊಡ್ಡ ನಷ್ಟ ಒಂದಿದೆ, ಅದನ್ನು ನನಗೆ ತೋರಿಸಿಕೊಟ್ಟವಳು ಎಂ.ಎ.ಯಲ್ಲಿ ಜೊತೆಗೆ ಓದಿದ ಗೆಳತಿ. ಅವಳಿಗೆ ಕಣ್ಣು ಕಾಣುವುದಿಲ್ಲ. ಎನ್‌ವಿಡಿಎ ಎಂಬ ಉಚಿತ ತಂತ್ರಾಂಶ ಹಾಕಿಕೊಂಡು, ಅದು ಪರದೆಯ ಮೇಲಿನದ್ದನ್ನು ಕನ್ನಡದಲ್ಲಿ ಓದಿ ಹೇಳಿದ್ದನ್ನು ಕೇಳಿಸಿಕೊಂಡು ಓದುತ್ತಾಳೆ. ನನ್ನ ಎರಡನೇ ಅಧ್ಯಾಯ ಕೇಳಿದಳು ಅಂತ ಕಳಿಸಿದೆ. ಅವಸರದಲ್ಲಿ ನುಡಿ ಪ್ರತಿ ಹೋಯಿತು. ರಾತ್ರಿ ಫೋನು. "ಏನೇ ಕಳಿಸಿದ್ದೀಯ? ಪೌಂಡ್ ಪೌಂಡ್ ಅಂತ ಅರ್ಧ ಗಂಟೆಯಿಂದ ಬಡ್ಕೊಳ್ತಾ ಇದೆ." ಇಬ್ಬರೂ ನಕ್ಕೆವು. ಆಮೇಲೆ ಅವಳು ಮೆಲ್ಲಗೆ ಹೇಳಿದಳು, ನಮ್ಮ ವಿಭಾಗದ ಹಳೆಯ ಪ್ರಬಂಧಗಳ ಕಡತಗಳೆಲ್ಲ ನನಗೆ ಹೀಗೇ ಕೇಳಿಸೋದು ಕಣೆ, ಅದಕ್ಕೇ ನಾನು ಪಿಎಚ್.ಡಿ.ಗೆ ಅರ್ಜಿ ಹಾಕಲಿಲ್ಲ ಅಂತ.

ಫಾಂಟು ಸಣ್ಣ ವಿಷಯ, ಸಂಶೋಧನೆಯ ಸತ್ವ ಮುಖ್ಯ ಎನ್ನುವ ಹಿರಿಯರಿಗೆ ನನ್ನ ಬಳಿ ಇರುವ ಉತ್ತರ ಅವಳ ಆ ಮಾತು. ಯುಜಿಸಿಯ ನಿಯಮದ ಪ್ರಕಾರ ಪ್ರತಿ ಪ್ರಬಂಧದ ಸಾಫ್ಟ್ ಕಾಪಿ ಗಾಂಧಿನಗರದ ಇನ್‌ಫ್ಲಿಬ್‌ನೆಟ್‌ಗೆ ಹೋಗಬೇಕು, ಶೋಧಗಂಗಾದಲ್ಲಿ ಎಲ್ಲರಿಗೂ ಸಿಗಬೇಕು. ಸಿಗುತ್ತದೆ ಅಂದರೇನು? 'ಬಾಯಿಬೀಗ' ಎಂಬ ಆಚರಣೆಯ ಬಗ್ಗೆ ಯಾರು ಯಾರು ಏನು ಬರೆದಿದ್ದಾರೆ ಅಂತ ನಾನು ಹುಡುಕಿದರೆ ಸಿಗಬೇಕು. ಹಳೆಯ ಫಾಂಟಿನ ಕಡತದಿಂದ ಮಾಡಿದ ಪಿಡಿಎಫ್ ಕಣ್ಣಿಗೆ ಕಾಣುತ್ತದೆ, ಹುಡುಕಾಟಕ್ಕೆ ಕಾಣುವುದಿಲ್ಲ. ಇದೇ ಕನ್ನಡದಲ್ಲಿ ವಚನ ಸಂಚಯ ಇದೆ ನೋಡಿ. ಅಲ್ಲಿ ಒಂದು ಪದ ಕೊಟ್ಟರೆ ಆ ಪದ ಬರುವ ವಚನಗಳೆಲ್ಲ ಸಾಲಾಗಿ ಬರುತ್ತವೆ. ಹನ್ನೆರಡನೇ ಶತಮಾನದ ಶರಣರನ್ನು ಹುಡುಕಬಹುದು, ಹೋದ ವರ್ಷ ಪದವಿ ಪಡೆದವರನ್ನು ಹುಡುಕಲಾಗುವುದಿಲ್ಲ! ಕೃತಿಚೌರ್ಯದ ಪರೀಕ್ಷೆಗೆ ಪ್ರಬಂಧ ಕಳಿಸಿ ಅನ್ನುತ್ತಾರೆ. ಪೌಂಡು ಯೆನ್ನುಗಳ ರಾಶಿಯಲ್ಲಿ ಯಾವ ಯಂತ್ರ ಯಾರ ಕಳವನ್ನು ಹಿಡಿಯುತ್ತದೋ ಕಬ್ಬಾಳಮ್ಮನೇ ಹೇಳಬೇಕು. (ಪಿಡಿಎಫ್ ಆದಾಗ ಯೂನಿಕೋಡ್ ಕನ್ನಡವೂ ಕೆಲವೊಮ್ಮೆ ಕಲಸಿಹೋಗುತ್ತದೆ, ನಿಜ. ಅದಕ್ಕೇ ಮೂಲ ಕಡತವನ್ನೂ ತೆಗೆದಿಡಬೇಕು ಅನ್ನುವುದು.)

"ಪ್ರೆಸ್ಸಿನವರು ಒಪ್ಪಲ್ಲಮ್ಮ" ಎನ್ನುವುದು ಎಲ್ಲರ ಕೊನೆಯ ಅಸ್ತ್ರ. ಕನಕಪುರದಲ್ಲಿ ನಾನು ಹೋಗುವ ಡಿಟಿಪಿ ಅಂಗಡಿಯ ಅಣ್ಣ ಪೇಜ್‌ಮೇಕರ್ ಬಿಟ್ಟು ಬೇರೆ ಮುಟ್ಟುವುದಿಲ್ಲ. "ಮೇಡಂ, ಇದ್ನ ನುಡಿಗೆ ಹಾಕ್ಕೊಂಡ್ ಬನ್ನಿ. ಪೇಜ್‌ಮೇಕರ್ ತಗೊಳಲ್ಲ" ಅನ್ನುತ್ತಾನೆ. ಅದರ ಕೊನೆಯ ಆವೃತ್ತಿ 7.0 ಬಂದದ್ದು 2001ರಲ್ಲಿ. ಆಗ ನಾನು ಅಂಗನವಾಡಿಯಲ್ಲಿದ್ದೆ. ಅದೇ ಅಡೋಬಿಯ ಇನ್‌ಡಿಸೈನ್ 2012ರಿಂದ ಯೂನಿಕೋಡ್ ಕನ್ನಡವನ್ನು ಸರಿಯಾಗಿ ಜೋಡಿಸುತ್ತಿದೆ. ದುಡ್ಡಿಲ್ಲ ಅಂದರೆ ಸ್ಕ್ರೈಬಸ್ ಇದೆ, ಪ್ರಬಂಧಕ್ಕಂತೂ ಲಿಬ್ರೆ ಆಫೀಸೇ ಸಾಕು. ಆದರೆ ಆ ಅಣ್ಣನನ್ನು ನಾನು ದೂರುವುದಿಲ್ಲ. ಪುಟಕ್ಕಿಷ್ಟು ಎಂದು ದುಡಿಯುವವನು. ಮದುವೆ ಕಾರ್ಡು, ಜಾತ್ರೆಯ ಕರಪತ್ರ, ಸಹಕಾರ ಸಂಘದ ವರದಿ, ನಡುವೆ ನಮ್ಮ ಪ್ರಬಂಧಗಳು. ಗಿರಾಕಿಗಳು ಕೇಳಿದ್ದನ್ನು ಕೊಡುತ್ತಾನೆ. ನಾಳೆ ವಿಶ್ವವಿದ್ಯಾಲಯಗಳೂ ಅಕಾಡೆಮಿಗಳೂ ಯೂನಿಕೋಡಿನಲ್ಲಿ ಕೊಡಿ ಅಂದರೆ ಒಂದು ತಿಂಗಳಲ್ಲಿ ಕಲಿಯುತ್ತಾನೆ. ಮೊಳೆ ಜೋಡಿಸುತ್ತಿದ್ದವರು ಕಂಪ್ಯೂಟರ್ ಕಲಿತದ್ದು ಇದೇ ನಾಡಿನಲ್ಲಿ ತಾನೆ.

ಇನ್ನು ಲಿನಕ್ಸ್ ಗೆಳೆಯರು. "ವಿಂಡೋಸ್ ಕಿತ್ತು ಬಿಸಾಕು, ಸಮಸ್ಯೆ ಮುಗೀತು" ಅನ್ನುತ್ತಾರೆ. ಮುಗಿಯುವುದಿಲ್ಲ. ನಾನು ಕಿತ್ತರೂ ನುಡಿ 01 ಇ ಕೇಳುವ ಸುತ್ತೋಲೆ ಅಲ್ಲೇ ಇರುತ್ತದೆ. ನನ್ನ ಬದಲು ಯಾರೋ ದುಡ್ಡು ತಗೊಂಡು ಪರಿವರ್ತಿಸಿ ಕೊಡುತ್ತಾರೆ, ಅಷ್ಟೆ. ವಿಂಡೋಸಿನ ಮೇಲೆ ನನಗೆ ಸಿಟ್ಟೂ ಇಲ್ಲ. ಇಪ್ಪತ್ತು ವರ್ಷಕ್ಕೂ ಮೇಲಿನಿಂದ ಅದರಲ್ಲೂ ಯೂನಿಕೋಡ್ ಕನ್ನಡ ಇದೆ. ಮನೆಯಲ್ಲಿ ಎರಡಲ್ಲ, ನಾಲ್ಕು ವ್ಯವಸ್ಥೆ ಇಟ್ಟುಕೊಳ್ಳಿ. ಅಕ್ಷರ ಒಂದೇ ಇದ್ದರೆ ಯಾವುದರಲ್ಲಿ ಬೇಕಾದರೂ ಬರೆಯಬಹುದು, ಯಾವುದರಲ್ಲಿ ಬೇಕಾದರೂ ಓದಬಹುದು.

ಆದರೆ ನನ್ನ ಸಿಟ್ಟಿನ ದೊಡ್ಡ ಪಾಲು ನನ್ನ ಮೇಲೆಯೇ. ನಾಲ್ಕು ವರ್ಷ ನಾನು ಯಾರನ್ನೂ ಕೇಳಲಿಲ್ಲ. ಎರಡನ್ನೂ ಇಟ್ಟುಕೊಂಡರಾಯಿತು ಅಂತ ಜಾಣತನ ತೋರಿಸಿದೆ. ಕಿರಿಯರಿಗೆ ಡಿಸ್ಕ್ ಪಾಲು ಮಾಡುವುದು ಹೇಗೆ ಅಂತ ಹೇಳಿಕೊಟ್ಟೆ. ಅದೊಂದು ಸಹಾಯ ಅಂತಲೂ ಅಂದುಕೊಂಡೆ. ನಾವೆಲ್ಲ ರಾತ್ರಿ ಕೂತು ಸದ್ದಿಲ್ಲದೆ ಪರಿವರ್ತಿಸಿ ಬೆಳಿಗ್ಗೆ ನುಡಿ ಪ್ರತಿ ತಂದಿಡುತ್ತಿದ್ದರೆ, ಸುತ್ತೋಲೆ ಬರೆದವರಿಗೆ ತೊಂದರೆ ಇದೆ ಅಂತ ಗೊತ್ತಾಗುವುದಾದರೂ ಹೇಗೆ? ತೇಜಸ್ವಿ ತಮ್ಮ ಕೊನೆಯ ವರ್ಷಗಳಲ್ಲಿ ಕನ್ನಡ ತಂತ್ರಾಂಶಕ್ಕಾಗಿ ಸರ್ಕಾರದ ಜೊತೆ ಬಹಿರಂಗವಾಗಿ ಜಗಳಕ್ಕೆ ನಿಂತಿದ್ದರು. ಅವರು ತೀರಿಕೊಂಡದ್ದು 2007ರಲ್ಲಿ. ಅವರ ಪುಸ್ತಕಗಳ ಮೇಲೆ ಪ್ರಬಂಧ ಬರೆದ ನಾವು ಅವರ ಜಗಳವನ್ನು ಮಾತ್ರ ಮುಂದುವರಿಸಲಿಲ್ಲ.

ಸಂಶೋಧನಾ ವಿದ್ಯಾರ್ಥಿಗಳಿಗೆ ನಾನು ಹೇಳುವುದು ಇಷ್ಟು. ಅಧ್ಯಾಯವನ್ನು ಯೂನಿಕೋಡಿನಲ್ಲೇ ಒಪ್ಪಿಸಿ. ಆಗುವುದಿಲ್ಲ ಅಂದರೆ, ಆಗುವುದಿಲ್ಲ ಅಂತ ಬರೆದುಕೊಡಿ ಅನ್ನಿ. ಕರ್ನಾಟಕ ಸರ್ಕಾರವೇ ಯೂನಿಕೋಡನ್ನು ಒಪ್ಪಿರುವಾಗ ಹಾಗೆ ಬರೆದುಕೊಡುವುದು ಯಾವ ಕುಲಸಚಿವರಿಗೂ ಸುಲಭವಲ್ಲ. ಪತ್ರಿಕೆಗಳಿಗೆ ಲೇಖನ ಕಳಿಸುವಾಗಲೂ ಅಷ್ಟೆ. ಒಬ್ಬರು ಕೇಳಿದರೆ ತಲೆಹರಟೆ ಅನ್ನುತ್ತಾರೆ, ಒಂದು ವಿಭಾಗದಲ್ಲಿ ಹತ್ತು ಜನ ಕೇಳಿದರೆ ಸಭೆಯ ಕಾರ್ಯಸೂಚಿಗೆ ಬರುತ್ತದೆ.

ನಾನು ಹೋದ ವಾರ ಶುರು ಮಾಡಿದೆ. ಪ್ರಬಂಧವನ್ನು ಯೂನಿಕೋಡಿನಲ್ಲಿ ಒಪ್ಪಿಸಲು ಅನುಮತಿ ಕೊಡಬೇಕು, ಸುತ್ತೋಲೆಯ ಆ ಸಾಲನ್ನು ತಿದ್ದಬೇಕು ಅಂತ ಎರಡು ಪುಟದ ಅರ್ಜಿ ಬರೆದೆ. ಗೆಳತಿಯ ಒಪ್ಪಿಗೆ ಪಡೆದು ಅವಳ ವಿಷಯವನ್ನೂ ಸೇರಿಸಿದೆ. ಮಾರ್ಗದರ್ಶಕರು ಓದಿ, "ಈಗ್ಯಾಕಮ್ಮ, ಡಿಗ್ರಿ ಆದ್ಮೇಲೆ ಹೋರಾಟ ಮಾಡಬಹುದಿತ್ತು" ಅಂದರು, ಆದರೂ ಸಹಿ ಹಾಕಿದರು. ಕಚೇರಿಯಲ್ಲಿ ಗುಮಾಸ್ತರು ಅರ್ಜಿಗೆ ಮೊಹರು ಒತ್ತಿ, ಸ್ವೀಕೃತಿ ಸಂಖ್ಯೆ ಬರೆದುಕೊಟ್ಟು, ಟಿಪ್ಪಣಿ ಹಾಕಲು ಬೇಕು, ಇದರ ಸಾಫ್ಟ್ ಕಾಪಿ ಮೇಲ್ ಮಾಡಿ ಅಂದರು. "ನುಡಿಯಲ್ಲಿ ಕಳಿಸಿ."

ಆಗುವುದಿಲ್ಲ ಸರ್ ಅಂದೆ. ಅವರು ಕನ್ನಡಕ ತೆಗೆದು ನನ್ನನ್ನು ನೋಡಿದರು. ಈ ಸಲ ಯೂನಿಕೋಡಿನಲ್ಲೇ ಕಳಿಸಿದ್ದೇನೆ. ಅವರ ಯಂತ್ರದಲ್ಲಿ ತೆರೆದುಕೊಂಡಿದೆ ಅಂತ ಮಾತ್ರ ಗೊತ್ತು.